ಡ್ರೈ ಫುಡ್, ಮನೆ ಅಡುಗೆ, ಹಸಿ ಮಾಂಸ: ನಾಯಿಯ ಬಟ್ಟಲಿಗೆ ಯಾವುದು?

ನಾಯಿಗೆ ಮನೆಯಲ್ಲೇ ಬೇಯಿಸಿ ಹಾಕಬೇಕೆಂದು ಹೊರಟಿದ್ದರೆ ಮೊದಲು ಗ್ರಾಂ ತೋರಿಸುವ ತಕ್ಕಡಿಯೊಂದನ್ನು ತಂದಿಟ್ಟುಕೊಳ್ಳಿ. ಪ್ಯಾಕೆಟ್‌ನ ಡ್ರೈ ಫುಡ್, ಬೇಯಿಸಿದ ಊಟ, ಹಸಿ ಮಾಂಸ, ಡ್ರೈ ಫುಡ್ ಜೊತೆ ಸ್ವಲ್ಪ ಮನೆಯ ಊಟ, ಈ ನಾಲ್ಕನ್ನೂ ಹಾಕಿ ನೋಡಿದ ಮೇಲೆ ನಮಗೆ ಗಟ್ಟಿಯಾಗಿ ಅನ್ನಿಸಿದ್ದು ಇದು: ಅಳೆದು ಮಾಡಿದ ಮನೆ ಅಡುಗೆ ಒಳ್ಳೆಯ ಡ್ರೈ ಫುಡ್‌ಗೆ ಸರಿಸಮ, ಕೆಲವು ವಿಷಯಗಳಲ್ಲಿ ಅದಕ್ಕಿಂತ ಮೇಲು. ಕಣ್ಣಳತೆಯಲ್ಲಿ ಮಾಡಿದ ಮನೆ ಅಡುಗೆ ಸಾಧಾರಣ ಡ್ರೈ ಫುಡ್‌ಗಿಂತಲೂ ಕೆಳಗೆ. ನಾಯಿ ಬಟ್ಟಲು ನೆಕ್ಕಿ ಖಾಲಿ ಮಾಡುತ್ತದೆ ಎನ್ನುವುದರಿಂದ ರುಚಿ ಗೊತ್ತಾಗುತ್ತದೆ ಅಷ್ಟೆ, ಪೋಷಣೆ ಗೊತ್ತಾಗುವುದಿಲ್ಲ.

ಹೋಲಿಸುವ ಮೊದಲು ಲೆಕ್ಕ

ಎಲ್ಲ ಆಯ್ಕೆಗಳನ್ನೂ ಒಂದೇ ಕ್ಯಾಲೊರಿಗೆ ಇಟ್ಟು ನೋಡಿದರೆ ಮಾತ್ರ ಹೋಲಿಕೆಗೆ ಅರ್ಥ. ಕ್ಯಾಲ್ಕುಲೇಟರ್‌ನಲ್ಲಿ ನಾಯಿಯ ತೂಕವನ್ನು (ಕೆ.ಜಿ.ಯಲ್ಲಿ) ಅದರಿಂದಲೇ ಗುಣಿಸಿ, ಇನ್ನೊಮ್ಮೆ ಗುಣಿಸಿ. ಬಂದ ಸಂಖ್ಯೆಗೆ ಎರಡು ಸಲ ವರ್ಗಮೂಲ ಒತ್ತಿ, 70ರಿಂದ ಗುಣಿಸಿ. 10 ಕೆ.ಜಿ. ನಾಯಿಗೆ ಇದು ಸುಮಾರು 394 ಆಗುತ್ತದೆ. ಏನೂ ಮಾಡದೆ ಮಲಗಿರಲು ಬೇಕಾದ ಶಕ್ತಿ ಇದು. ಸಂತಾನಹರಣ ಚಿಕಿತ್ಸೆಯಾದ, ಮನೆಯೊಳಗೇ ಇರುವ ವಯಸ್ಕ ನಾಯಿಗೆ ಇದನ್ನು 1.4ರಿಂದ 1.6ರವರೆಗೆ ಗುಣಿಸಬೇಕು. ಅಂದರೆ ದಿನಕ್ಕೆ 550ರಿಂದ 630 ಕ್ಯಾಲೊರಿ. ಮುಂದಿನ ಲೆಕ್ಕಗಳೆಲ್ಲ ಇಂಥ 10 ಕೆ.ಜಿ. ನಾಯಿಗೆ, ದಿನಕ್ಕೆ 580 ಕ್ಯಾಲೊರಿಯಂತೆ.

ಇನ್ನೊಂದು ಲೆಕ್ಕ ತೇವಾಂಶದ್ದು. ಪ್ಯಾಕೆಟ್ ಮೇಲೆ ಪ್ರೋಟೀನ್ 24% ಎಂದಿರುತ್ತದೆ, ಬೇಯಿಸಿದ ಕೋಳಿ-ಅನ್ನದಲ್ಲಿ 10%ಕ್ಕಿಂತ ಕಡಿಮೆ ಎಂದು ಕಾಣುತ್ತದೆ. ಇದನ್ನು ನೋಡಿ ಮನೆ ಅಡುಗೆಯಲ್ಲಿ ಪ್ರೋಟೀನ್ ಸಾಲದು ಎಂದು ಹೆದರುವವರು ಬಹಳ. ನೀರನ್ನು ತೆಗೆದು ನೋಡಿ. ಡ್ರೈ ಫುಡ್‌ನಲ್ಲಿ ತೇವ 10%, ಹಾಗಾಗಿ 24ನ್ನು 90ರಿಂದ ಭಾಗಿಸಿದರೆ ಒಣ ಅಂಶದಲ್ಲಿ ಪ್ರೋಟೀನ್ ಸುಮಾರು 27%. ಕೆಳಗೆ ಕೊಟ್ಟಿರುವ ಕೋಳಿ-ಅನ್ನದಲ್ಲಿ ತೇವ ಸುಮಾರು 74%, ಒಣ ಅಂಶದ ಪ್ರೋಟೀನ್ 37%ರ ಆಸುಪಾಸು. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವಾದ ಎಎಎಫ್‌ಸಿಒದ ಮಾನದಂಡ ವಯಸ್ಕ ನಾಯಿಗೆ ಕೇಳುವುದು ಕನಿಷ್ಠ 18%, ಬೆಳೆಯುವ ಮರಿಗೆ 22.5%. ಮಾಂಸ ಹಾಕುವ ಮನೆಗಳಲ್ಲಿ ಪ್ರೋಟೀನ್ ಕೊರತೆ ಸಾಮಾನ್ಯವಾಗಿ ಬರುವುದಿಲ್ಲ. ಕೊರತೆ ಬರುವುದು ಬೇರೆ ಕಡೆ.

ಡ್ರೈ ಫುಡ್

580 ಕ್ಯಾಲೊರಿಗೆ ಸುಮಾರು 160 ಗ್ರಾಂ ಕಾಳು, ಅಂದರೆ ಡ್ರೈ ಫುಡ್‌ನ ಗಟ್ಟಿ ತುಣುಕುಗಳು, ಸಾಕು (100 ಗ್ರಾಂಗೆ 360 ಕ್ಯಾಲೊರಿ ಇದ್ದರೆ, ಪ್ಯಾಕೆಟ್‌ನಿಂದ ಪ್ಯಾಕೆಟ್‌ಗೆ ಇದು 330ರಿಂದ 400ರವರೆಗೆ ಬದಲಾಗುತ್ತದೆ). ಖನಿಜ, ವಿಟಮಿನ್ ಎಲ್ಲ ಸೇರಿಸಿಯೇ ಬಂದಿರುತ್ತದೆ. ಇದರ ದೊಡ್ಡ ಬಲ ಇದೇ, ಮತ್ತು ಇದನ್ನು ಹಗುರವಾಗಿ ನೋಡಬಾರದು. ಪ್ಯಾಕೆಟ್ ಮೇಲೆ ಸಂಪೂರ್ಣ ಆಹಾರ ಎಂದಿದೆಯೋ ಪೂರಕ ಆಹಾರ ಎಂದಿದೆಯೋ, ಯಾವ ವಯಸ್ಸಿನ ನಾಯಿಗೆ ಎಂದಿದೆಯೋ ನೋಡಿಕೊಳ್ಳಿ. ಪೂರಕ ಆಹಾರವನ್ನೇ ದಿನವೂ ಊಟವಾಗಿ ಹಾಕಿದರೆ ಆ ಬಲ ಇಲ್ಲವಾಗುತ್ತದೆ.

ದೌರ್ಬಲ್ಯ ಮೂರು. ನೀರು ತೀರ ಕಡಿಮೆ: 160 ಗ್ರಾಂ ಕಾಳಿನಲ್ಲಿ ಬರುವುದು 16 ಮಿ.ಲೀ., ಅದೇ ಕ್ಯಾಲೊರಿಯ ಬೇಯಿಸಿದ ಊಟದಲ್ಲಿ 370 ಮಿ.ಲೀ. ಹತ್ತಿರ. ಎರಡನೆಯದು ಜಿಡ್ಡು ಕೆಡುವುದು. ಕಾಳು ತಯಾರಾದ ಮೇಲೆ ಅದರ ಮೇಲ್ಮೈಗೆ ಕೊಬ್ಬು ಸಿಂಪಡಿಸುತ್ತಾರೆ, ಗಾಳಿ ತಗುಲಿದಂತೆ ಅದು ಕಮಟು ಹಿಡಿಯುತ್ತದೆ. ಚೀಲವನ್ನು ಖಾಲಿ ಮಾಡಿ ಡಬ್ಬಿಗೆ ಸುರಿಯುವ ಬದಲು ಚೀಲದ ಬಾಯಿ ಮಡಚಿ ಚೀಲಸಮೇತ ಡಬ್ಬಿಯಲ್ಲಿಡಿ. ಡಬ್ಬಿಯ ಗೋಡೆಗೆ ಅಂಟಿದ ಹಳೆಯ ಜಿಡ್ಡು ಹೊಸ ಕಾಳಿಗೂ ವಾಸನೆ ಹತ್ತಿಸುತ್ತದೆ. ತೆರೆದ ಚೀಲ ಆರು ವಾರದೊಳಗೆ ಮುಗಿಯುವಂಥ ಗಾತ್ರದ್ದಿರಲಿ. ಮೂರನೆಯದು ಅಳತೆಯ ಲೋಟ: ಒಂದೇ ಲೋಟ ಒಬ್ಬರ ಕೈಯಲ್ಲಿ ತಲೆತಟ್ಟಿ, ಇನ್ನೊಬ್ಬರ ಕೈಯಲ್ಲಿ ಗೋಪುರ. ನಾಯಿ ದಪ್ಪಗಾಗುವುದಕ್ಕೆ ಇದು ಸಾಕು. ಕಾಳನ್ನೂ ತೂಗಿಯೇ ಹಾಕಿ.

ಡ್ರೈ ಫುಡ್ ಹಲ್ಲು ತಿಕ್ಕುತ್ತದೆ ಎಂಬ ನಂಬಿಕೆಯನ್ನು ಬಿಡಬಹುದು. ದಂತಕ್ಕೆಂದೇ ಮಾಡಿದ ವಿಶೇಷ ಕಾಳಿನ ಹೊರತು ಉಳಿದವು ಹಲ್ಲು ತಗುಲಿದೊಡನೆ ಪುಡಿಯಾಗುತ್ತವೆ. ಬ್ರಷ್ ಬೇಕೇ ಬೇಕು. ಹಾಗೆಯೇ ಧಾನ್ಯರಹಿತ ಎಂಬ ಬರಹಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ನಮಗೆ ಕಂಡಿಲ್ಲ. ಪಿಷ್ಟ ಜೀರ್ಣಿಸುವ ಜೀನ್‌ಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚು ಪ್ರತಿಗಳಲ್ಲಿವೆ ಎಂದು 2013ರಲ್ಲೇ ಪ್ರಕಟವಾದ ಸಂಶೋಧನೆ ತೋರಿಸಿದೆ. ಬಟಾಣಿ, ಬೇಳೆ ಹೆಚ್ಚಿರುವ ಧಾನ್ಯರಹಿತ ಆಹಾರಕ್ಕೂ ನಾಯಿಗಳ ಒಂದು ಬಗೆಯ ಹೃದಯ ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಪ್ರಕಟಿಸಿತು. ಕಾರಣ ಖಚಿತವಾಗಿ ಸಾಬೀತಾಗಿಲ್ಲ, ಆದರೆ ಅನ್ನ ತಿಂದು ಅರಗಿಸಿಕೊಳ್ಳುವ ನಾಯಿಗೆ ಆ ಸಂದೇಹವಾದರೂ ಏಕೆ?

ಬೇಯಿಸಿದ ಮನೆ ಊಟ

10 ಕೆ.ಜಿ. ನಾಯಿಯ ಒಂದು ದಿನದ ಊಟಕ್ಕೆ ತಳಪಾಯವಾಗಿ ಇದು ಒದಗುತ್ತದೆ: ಚರ್ಮ, ಮೂಳೆ ತೆಗೆದ ಕೋಳಿ ತೊಡೆ 200 ಗ್ರಾಂ (ಹಸಿ ತೂಕ), ಅಕ್ಕಿ 70 ಗ್ರಾಂ (ಬೇಯಿಸುವ ಮೊದಲಿನ ತೂಕ), ಕೋಳಿ ಲಿವರ್ 20 ಗ್ರಾಂ, ಕ್ಯಾರೆಟ್ ಅಥವಾ ಕುಂಬಳ ಅಥವಾ ಬೀನ್ಸ್ 80 ಗ್ರಾಂ, ಎಣ್ಣೆ ಒಂದು ಟೀ ಚಮಚ, ಮೊಟ್ಟೆ ಚಿಪ್ಪಿನ ನುಣ್ಣನೆ ಪುಡಿ 1.8 ಗ್ರಾಂ. ಒಟ್ಟು ಸುಮಾರು 580 ಕ್ಯಾಲೊರಿ.

ತೂಕ ಹಸಿಯದೋ ಬೆಂದದ್ದೋ ಎಂಬಲ್ಲೇ ಹೆಚ್ಚಿನ ಮನೆಗಳ ಲೆಕ್ಕ ತಪ್ಪುತ್ತದೆ. 70 ಗ್ರಾಂ ಅಕ್ಕಿ ಬೆಂದರೆ 200 ಗ್ರಾಂ ದಾಟುತ್ತದೆ, 250 ಕ್ಯಾಲೊರಿ ಕೊಡುತ್ತದೆ. ಅದನ್ನೇ 70 ಗ್ರಾಂ ಅನ್ನ ಎಂದುಕೊಂಡರೆ ಸಿಗುವುದು 90 ಕ್ಯಾಲೊರಿ. ಕೋಳಿ ಇದಕ್ಕೆ ತಿರುಗುಮುರುಗು: 200 ಗ್ರಾಂ ಹಸಿ ಮಾಂಸ ಬೆಂದ ಮೇಲೆ 150 ಗ್ರಾಂ ಆಸುಪಾಸಿಗೆ ಇಳಿಯುತ್ತದೆ.

ಈಗ ಚಿಪ್ಪಿನ ಪುಡಿ ಏಕೆ? ಮಾಂಸದಲ್ಲಿ ರಂಜಕ (ಫಾಸ್ಫರಸ್) ತುಂಬಾ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ಪದಾರ್ಥಗಳಲ್ಲಿ ರಂಜಕ ಸುಮಾರು 530 ಮಿ.ಗ್ರಾಂ. ಇದ್ದರೆ ಕ್ಯಾಲ್ಸಿಯಂ 60ರ ಹತ್ತಿರ. ಬೇಕಾದ್ದು ಸರಿಸುಮಾರು 725. ಕ್ಯಾಲ್ಸಿಯಂ ರಂಜಕಕ್ಕೆ ಕನಿಷ್ಠ ಸಮ ಇರಬೇಕು, ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು. ಈ ಅನುಪಾತ ತಲೆಕೆಳಗಾದರೆ ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯ್ದುಕೊಳ್ಳಲು ದೇಹ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಾಯಿ ಚೆನ್ನಾಗಿಯೇ ಕಾಣುತ್ತದೆ, ರಕ್ತ ಪರೀಕ್ಷೆಯಲ್ಲೂ ಕ್ಯಾಲ್ಸಿಯಂ ಸರಿಯಾಗಿಯೇ ಬರಬಹುದು. ಒಳಗೆ ಮೂಳೆ ಸವೆಯುತ್ತಿರುತ್ತದೆ, ದವಡೆ ಮೆತ್ತಗಾಗುತ್ತದೆ, ಮರಿಗಳಲ್ಲಿ ಕಾಲಿನ ಮೂಳೆ ಮುರಿಯುವುದೂ ಉಂಟು. ಪ್ರೀತಿಯಿಂದ ಬರೀ ಕೋಳಿ-ಅನ್ನ ಹಾಕುವ ಮನೆಗಳಲ್ಲಿ ಆಗುವ ಹಾನಿ ಇದು. ಅದಕ್ಕೇ ಈ ಒಂದು ವಿಷಯವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಚಿಪ್ಪನ್ನು ತೊಳೆದು, ಓವನ್‌ನಲ್ಲಿ 150 ಡಿಗ್ರಿಯಲ್ಲಿ ಹತ್ತು ನಿಮಿಷ ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ. ತರಿ ಉಳಿದರೆ ಹೊಟ್ಟೆಯೊಳಗೆ ಚುಚ್ಚಬಹುದು, ಸರಿಯಾಗಿ ಕರಗುವುದೂ ಇಲ್ಲ. ಪುಡಿಯ ಸುಮಾರು 38% ಕ್ಯಾಲ್ಸಿಯಂ. ಒಂದು ಟೀ ಚಮಚ ಪುಡಿ 5-6 ಗ್ರಾಂ ತೂಗುತ್ತದೆ, ಹಾಗಾಗಿ 1.8 ಗ್ರಾಂ ಎಂದರೆ ಚಮಚದ ಮೂರನೇ ಒಂದು ಪಾಲು. ಮೂಳೆ ಪುಡಿ ಇದಕ್ಕೆ ಬದಲಿಯಲ್ಲ. ಅದರಲ್ಲಿ ರಂಜಕವೂ ಇರುವುದರಿಂದ ಲೆಕ್ಕ ಬದಲಾಗುತ್ತದೆ.

ಕ್ಯಾಲ್ಸಿಯಂ ಸರಿಹೋದ ಮಾತ್ರಕ್ಕೆ ಊಟ ಪೂರ್ಣವಾಗಲಿಲ್ಲ. ಎಎಎಫ್‌ಸಿಒ ಲೆಕ್ಕದಲ್ಲಿ ಈ ನಾಯಿಗೆ ದಿನಕ್ಕೆ ಸತು 11-12 ಮಿ.ಗ್ರಾಂ. ಬೇಕು, ಈ ಬಟ್ಟಲಲ್ಲಿ ಅದರ ಅರ್ಧವೂ ಇಲ್ಲ. ಅಯೋಡಿನ್, ವಿಟಮಿನ್ ಡಿ, ವಿಟಮಿನ್ ಇ ಕೂಡ ಕಡಿಮೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಪಶುವೈದ್ಯರು ಪುಸ್ತಕ, ಜಾಲತಾಣಗಳಲ್ಲಿ ಸಿಗುವ 200 ಮನೆ ಅಡುಗೆಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 95%ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶ ಕೊರತೆಯಲ್ಲಿತ್ತು. ದಿನಕ್ಕೊಂದು ಬಗೆ ಬದಲಾಯಿಸಿದರೆ ಎಲ್ಲ ಸರಿದೂಗುತ್ತದೆ ಎನ್ನುತ್ತಾರೆ. ಎಲ್ಲ ಅಡುಗೆಯಲ್ಲೂ ಅದೇ ಸತು, ಅದೇ ವಿಟಮಿನ್ ಇಲ್ಲದಿದ್ದರೆ ಬದಲಾಯಿಸಿ ಏನು ಬಂತು?

ದಾರಿ ಒಂದೇ: ಮನೆ ಊಟವನ್ನು ಪೂರ್ಣಗೊಳಿಸಲೆಂದೇ ಮಾಡಿದ ನಾಯಿಗಳ ಖನಿಜ-ವಿಟಮಿನ್ ಮಿಶ್ರಣ, ಅದೂ ಅದರ ಜೊತೆ ಕೊಟ್ಟಿರುವ ಪಾಕವಿಧಾನದ ಅಳತೆಯಲ್ಲೇ. ಅದರಲ್ಲೇ ಕ್ಯಾಲ್ಸಿಯಂ ಇದ್ದರೆ ಚಿಪ್ಪಿನ ಪುಡಿ ಬಿಡಿ. ಸಾಮಾನ್ಯ ಮಲ್ಟಿವಿಟಮಿನ್ ಮಾತ್ರೆ ಈ ಕೊರತೆ ತುಂಬುವುದಿಲ್ಲ. ಮನುಷ್ಯರ ಮಾತ್ರೆಯಂತೂ ಬೇಡ; ವಿಟಮಿನ್ ಡಿ ಪ್ರಮಾಣ ನಾಯಿಗೆ ವಿಷವಾಗುವಷ್ಟಿರಬಹುದು, ಕೆಲವು ಚೀಪುವ ಮಾತ್ರೆಗಳಲ್ಲಿ ನಾಯಿಯ ಜೀವ ತೆಗೆಯುವ ಜೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ. ಮಿಶ್ರಣವನ್ನು ಊಟ ಆರಿದ ಮೇಲೆ ಬೆರೆಸಿ, ಬಿಸಿಗೆ ಕೆಲವು ವಿಟಮಿನ್‌ಗಳು ನಾಶವಾಗುತ್ತವೆ. ಲಿವರ್ ಅನ್ನು ಇಷ್ಟಪಡುತ್ತದೆಂದು ಹೆಚ್ಚಿಸಬೇಡಿ. ವಿಟಮಿನ್ ಎ ದೇಹದಲ್ಲಿ ಜಮೆಯಾಗುತ್ತಾ ಹೋಗುತ್ತದೆ, ಮಲವೂ ಸಡಿಲವಾಗುತ್ತದೆ. ಒಟ್ಟು ಊಟದ ತೂಕದ 5% ಮಿತಿ.

ಮಾಡುವ ಕ್ರಮ ಸರಳ. ಅಕ್ಕಿಯನ್ನು ಮೆತ್ತಗೆ ಬೇಯಿಸಿ. ಮಾಂಸ, ಲಿವರ್, ತರಕಾರಿಯನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲದೆ ಅನ್ನಕ್ಕೇ ಸೇರಿಸಿ. ಎಲ್ಲವನ್ನೂ ಒರಟಾಗಿ ರುಬ್ಬಿ ಕಲಸಿ. ತುಂಡುಗಳನ್ನು ಹಾಗೇ ಬಿಟ್ಟರೆ ನಾಯಿ ಕೋಳಿಯನ್ನು ಹೆಕ್ಕಿ ತಿಂದು ಕ್ಯಾರೆಟ್ ಬಿಡುತ್ತದೆ, ತಳದಲ್ಲಿ ಉಳಿಯುವ ಪುಡಿಯನ್ನೂ ಬಿಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಯಾವ ರೂಪದಲ್ಲೂ ಬೇಡ, ಪುಡಿಯೂ ಬೇಡ. ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹೊಡೆತ. ಒಂದು ವಾರದ್ದು ಒಟ್ಟಿಗೆ ಮಾಡುವುದಾದರೆ ಅಗಲವಾದ ತಟ್ಟೆಯಲ್ಲಿ ಹರಡಿ ಎರಡು ಗಂಟೆಯೊಳಗೆ ತಣಿಸಿ, ಮೂರು ದಿನದ್ದನ್ನು ಫ್ರಿಜ್‌ನಲ್ಲಿ, ಉಳಿದದ್ದನ್ನು ಫ್ರೀಜರ್‌ನಲ್ಲಿಡಿ. ಆಳವಾದ ಪಾತ್ರೆಯಲ್ಲೇ ಬಿಟ್ಟ ಅನ್ನ ನಡುವೆ ಬಹಳ ಹೊತ್ತು ಬೆಚ್ಚಗಿರುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದು ಅಲ್ಲೇ.

ಇಷ್ಟೆಲ್ಲ ಮಾಡಿದರೆ ಫಲವಿದೆ. ಮಲದ ಪ್ರಮಾಣ ಡ್ರೈ ಫುಡ್‌ಗಿಂತ ಕಡಿಮೆ, ಊಟಕ್ಕೆ ಮೂಗು ಮುರಿಯುವ ವಯಸ್ಸಾದ ನಾಯಿಯೂ ತಿನ್ನುತ್ತದೆ, ಯಾವುದೋ ಒಂದು ಮಾಂಸ ಒಗ್ಗದ ನಾಯಿಗೆ ಅದನ್ನು ಪೂರ್ತಿ ಹೊರಗಿಡಬಹುದು. ನೀರಿನ ಬಟ್ಟಲು ಮೊದಲಿನಷ್ಟು ಬೇಗ ಖಾಲಿಯಾಗದಿದ್ದರೆ ಗಾಬರಿ ಬೇಡ, ಊಟದಲ್ಲೇ ನೀರು ಹೋಗುತ್ತಿದೆ.

ಹಸಿ ಮಾಂಸ, ಮೂಳೆ

ಹಸಿ ಮಾಂಸವನ್ನು ನಾಯಿ ಸಂತೋಷದಿಂದ ತಿನ್ನುತ್ತದೆ, ನಿಜ. ಬೇಯಿಸಿದ್ದಕ್ಕಿಂತ ಪೋಷಣೆಯಲ್ಲಿ ಮೇಲು ಎನ್ನಲು ನಮಗೆ ಕಾರಣ ಸಿಗಲಿಲ್ಲ, ಅಪಾಯವಂತೂ ಸ್ಪಷ್ಟ. ಸಾಲ್ಮೊನೆಲ್ಲಾ, ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಫ್ರೀಜರ್‌ನಲ್ಲಿ ಸಾಯುವುದಿಲ್ಲ. ಹೆಪ್ಪುಗಟ್ಟಿಸುವುದರಿಂದ ಕಡಿಮೆಯಾಗುವುದು ಕೆಲವು ಪರಾವಲಂಬಿಗಳು ಮಾತ್ರ. ನಾಯಿಗೆ ಯಾವ ಲಕ್ಷಣವೂ ಇಲ್ಲದೆ ಮಲದಲ್ಲಿ, ಬಾಯಲ್ಲಿ ರೋಗಾಣು ಮನೆಯೊಳಗೆ ಓಡಾಡುತ್ತದೆ. ಮಗು, ಗರ್ಭಿಣಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇರುವ ಮನೆಯಲ್ಲಿ ಇದರ ಮಾತೇ ಬೇಡ. ಹಸಿ ಮೂಳೆ ಹೆಚ್ಚಾದರೆ ಮಲ ಬಿಳಿಚಿ ಸುಣ್ಣದಂತೆ ಪುಡಿಯಾಗುತ್ತದೆ, ತಿಣುಕಿದರೂ ಹೋಗದಷ್ಟು ಕಟ್ಟಿಕೊಳ್ಳುತ್ತದೆ, ಹಲ್ಲು ಸೀಳುವುದೂ ಇದೆ. ಬೆಂದ ಮೂಳೆ ಇನ್ನೂ ಕೆಟ್ಟದ್ದು: ಚೂಪಾಗಿ ಸಿಗಿದು ಕರುಳು ತೂತು ಮಾಡಬಲ್ಲದು.

ಡ್ರೈ ಫುಡ್ ಮೇಲೆ ಸ್ವಲ್ಪ ಮನೆಯದು

ಹೆಚ್ಚಿನ ಮನೆಗಳಿಗೆ ನಾವು ಹೇಳುವುದು ಇದನ್ನೇ. ಕ್ಯಾಲೊರಿಯ 90% ಸಂಪೂರ್ಣ ಡ್ರೈ ಫುಡ್, 10% ಮನೆಯದು. ನಮ್ಮ 10 ಕೆ.ಜಿ. ನಾಯಿಗೆ 145 ಗ್ರಾಂ ಕಾಳು, ಮೇಲೆ 58 ಕ್ಯಾಲೊರಿಯಷ್ಟು ಬೇರೆ: ಬೇಯಿಸಿದ ಕೋಳಿ ಎದೆ 35 ಗ್ರಾಂ, ಇಲ್ಲವೇ ಒಂದು ಸಣ್ಣ ಬೇಯಿಸಿದ ಮೊಟ್ಟೆ. ತಿಂಡಿ ತುಣುಕುಗಳೂ ಈ 10%ರೊಳಗೇ. ಉಗುರುಬೆಚ್ಚಗಿನ ನೀರು ಒಂದು ಲೋಟ ಹಾಕಿದರೆ ನೀರಿನ ಕೊರತೆಯೂ ತಗ್ಗುತ್ತದೆ. ನೆನೆಸಿದ ಕಾಳನ್ನು ಅರ್ಧ ಗಂಟೆಗಿಂತ ಹೆಚ್ಚು ಬಟ್ಟಲಲ್ಲಿ ಬಿಡಬೇಡಿ.

ಅರ್ಧ ಡ್ರೈ ಫುಡ್, ಅರ್ಧ ಬರೀ ಕೋಳಿ-ಅನ್ನ ಹಾಕುವ ರೂಢಿ ಬಹಳ ಕಡೆ ಇದೆ. ಡ್ರೈ ಫುಡ್‌ನ ಖನಿಜಗಳನ್ನು ಪೂರ್ತಿ ಊಟಕ್ಕೆಂದು ಲೆಕ್ಕ ಹಾಕಿರುತ್ತಾರೆ, ಅರ್ಧ ಹಾಕಿದರೆ ಅರ್ಧವೇ ಸಿಗುತ್ತದೆ. ಅರ್ಧರ್ಧ ಬೇಕೇ ಬೇಕೆಂದರೆ ಮನೆಯ ಪಾಲು ಕೂಡ ಖನಿಜ ಮಿಶ್ರಣ ಸೇರಿದ ಪೂರ್ಣ ಊಟವಾಗಿರಲಿ.

ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ: ಮೊದಲು ಕಾಲು ಪಾಲು ಹೊಸದು, ಎರಡು-ಮೂರು ದಿನಕ್ಕೆ ಅರ್ಧ, ಆಮೇಲೆ ಮುಕ್ಕಾಲು. ಮಲ ತೆಳುವಾದರೆ ಹಿಂದಿನ ಹಂತಕ್ಕೆ ಮರಳಿ ಎರಡು ದಿನ ನಿಲ್ಲಿ. ಚರ್ಮಸಮೇತ ಕೋಳಿ, ಜಿಡ್ಡಿನ ಮಾಂಸ ಒಮ್ಮೆಲೇ ಹಾಕಿದ ಮೇಲೆ ವಾಂತಿ, ಹೊಟ್ಟೆ ನೋವಿಗೆ ಬೆನ್ನು ಗೂನು ಮಾಡಿ ನಿಲ್ಲುವುದು ಕಂಡರೆ ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು, ಅದೇ ದಿನ ಪಶುವೈದ್ಯರಲ್ಲಿಗೆ ಹೋಗಿ. ಮರಿಗಳಿಗೆ, ಅದರಲ್ಲೂ ದೊಡ್ಡ ತಳಿಯ ಮರಿಗಳಿಗೆ, ಗಬ್ಬದ ನಾಯಿಗೆ, ಮೂತ್ರಪಿಂಡದ ತೊಂದರೆ ಇರುವುದಕ್ಕೆ ಪಶು ಪೋಷಣಾ ತಜ್ಞರು ಬರೆದುಕೊಟ್ಟ ಪಾಕವಿಧಾನವಿಲ್ಲದೆ ಮನೆ ಊಟ ಬೇಡ. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು.

ಎರಡು ವಾರಕ್ಕೊಮ್ಮೆ ತೂಕ ನೋಡಿ. ಪಕ್ಕೆಲುಬು ಒತ್ತದೆ ಸವರಿದರೆ ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ನಡು ಕಾಣಬೇಕು. ಸಿಗದಿದ್ದರೆ ಇಡೀ ಊಟವನ್ನು 10% ಕಡಿಮೆ ಮಾಡಿ; ಮನೆ ಊಟವಾದರೆ ಅನ್ನವನ್ನಷ್ಟೇ ಕಡಿಮೆ ಮಾಡಿ ಅನುಪಾತ ಕೆಡಿಸದೆ, ಎಲ್ಲ ಪದಾರ್ಥವನ್ನೂ ಸಮನಾಗಿ ಇಳಿಸಿ.