ಬ್ರಹ್ಮಗಿರಿ ಪ್ರವಾಸ: ಶಾಸನಕ್ಕೆ ಪೂರ್ಣ ಅಂಕ, ಇಳಿಜಾರಿಗೆ ಅರ್ಧ

ಚಿತ್ರದುರ್ಗದಿಂದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಮಾರ್ಗದರ್ಶಿಯೊಡನೆ ಕರೆದೊಯ್ಯುವ ಒಂದು ದಿನದ ಪ್ರವಾಸದ ಕುರಿತು ಈ ಅಭಿಪ್ರಾಯ. ವಾಹನ ಹೇಳಿದ ಹೊತ್ತಿಗೆ ಬಂತು, ಊಟವೂ ಚೆನ್ನಾಗಿತ್ತು.

ಅಶೋಕನ ಶಾಸನವಿರುವ ಬಂಡೆಯ ಬಳಿ ಮಾರ್ಗದರ್ಶಿ ನೀಡಿದ ವಿವರಣೆ ಮೆಚ್ಚುವಂಥದ್ದು. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದದ್ದು, ಇಸಿಲವೆಂಬ ಅಂದಿನ ಪಟ್ಟಣದ ಮಹಾಮಾತ್ರರನ್ನು, ಎಂದರೆ ಹಿರಿಯ ಅಧಿಕಾರಿಗಳನ್ನು, ಉದ್ದೇಶಿಸಿ ಪ್ರಾಕೃತದಲ್ಲಿ ಬರೆಸಿದ್ದು, ಬರಹವೆಲ್ಲ ಬ್ರಾಹ್ಮಿಯಲ್ಲಿದ್ದರೂ ಕೊನೆಯಲ್ಲಿ ಲಿಪಿಕಾರ ಚಪಡನು ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದು, ಎಲ್ಲವನ್ನೂ ಅವರು ನಿಧಾನವಾಗಿ ತಿಳಿಸಿದರು.

ಆದರೆ ಅಲ್ಲಿಗೇ ವಿವರಣೆ ಮುಗಿಯಿತು. ಆ ಅಕ್ಷರಗಳು ಮೂಡುವುದಕ್ಕೆ ಎಷ್ಟೋ ಶತಮಾನ ಮೊದಲೇ ಇದೇ ಬೆಟ್ಟದ ಇಳಿಜಾರಿನಲ್ಲಿ, ನಯಗೊಳಿಸಿದ ಕಲ್ಲಿನ ಕೊಡಲಿ ಬಳಸುತ್ತಿದ್ದ ಜನ ನೆಲೆಸಿದ್ದರು. ತೀರಿಕೊಂಡ ಹಸುಗೂಸುಗಳನ್ನು ಅವರು ಮಡಕೆಗಳಲ್ಲಿಟ್ಟು ಹೂಳುತ್ತಿದ್ದರು. ಎಂ. ಎಚ್. ಕೃಷ್ಣ ಅವರು ಮೊದಲೇ ಅಗೆದಿದ್ದ ಈ ನೆಲೆಯನ್ನು 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿ, ಕಲ್ಗೊಡಲಿಯವರು, ಕಬ್ಬಿಣ ಬಲ್ಲ ಬೃಹತ್ ಶಿಲಾ ಸಮಾಧಿಗಳವರು, ಆಮೇಲೆ ಶಾತವಾಹನರ ಕಾಲದವರು ಎಂಬ ಅನುಕ್ರಮವನ್ನು ಗುರುತಿಸಿದರು. ವೀಲರ್ ಕೊಟ್ಟ ಕಾಲಮಾನ ತೀರ ಈಚಿನದಾಯಿತೆಂದು ಮುಂದೆ ವಸ್ತುಗಳ ಕಾಲ ಗೊತ್ತುಮಾಡುವ ಇಂಗಾಲದ ಪರೀಕ್ಷೆಗಳು ತೋರಿಸಿದವು. ದಕ್ಷಿಣದ ನವಶಿಲಾಯುಗ, ಎಂದರೆ ಇಂಥ ಕಲ್ಗೊಡಲಿಯವರ ಕಾಲ, ಇಂದು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಷ್ಟು ಹಿಂದಕ್ಕೆ ಹೋಗಿದೆ. ಇಷ್ಟು ಹೇಳುವುದಕ್ಕೆ ಹತ್ತು ನಿಮಿಷ ಸಾಕು.

ಸಮಾಧಿಗಳ ಬಳಿಗೆ ನಾವೇ ಕೇಳಿಕೊಂಡು ಹೋದೆವು. ನೆಟ್ಟಗೆ ನಿಲ್ಲಿಸಿದ ಗ್ರಾನೈಟ್ ಚಪ್ಪಡಿಗಳ ಪೆಟ್ಟಿಗೆ, ಅದರ ಒಂದು ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಿಂಡಿ, ಸುತ್ತ ಗುಂಡುಗಳ ವೃತ್ತ. ಕಾಲಡಿಯಲ್ಲಿದ್ದ ಒಂದು ಮಡಕೆ ಚೂರಿನ ಒಳಮೈ ಕಪ್ಪು, ಹೊರಮೈ ಕೆಂಪು. ಬೋರಲಾಗಿಟ್ಟು ಸುಟ್ಟಾಗ ಗಾಳಿ ತಾಕದ ಭಾಗ ಹೀಗೆ ಕಪ್ಪಾಗುತ್ತದೆ. ಜೊತೆಗಿದ್ದವರೊಬ್ಬರು ಅದನ್ನು ಜೇಬಿಗಿಳಿಸಲು ಹೊರಟಾಗ ತಡೆದದ್ದು ಮಾರ್ಗದರ್ಶಿಯಲ್ಲ, ಮತ್ತೊಬ್ಬ ಪ್ರವಾಸಿ. ಇಂಥ ಎಚ್ಚರಿಕೆಯನ್ನು ವಾಹನದಲ್ಲೇ ಹೇಳಬೇಕಿತ್ತು.

ಹಿಂತಿರುಗುವಾಗ ಮೊಳಕಾಲ್ಮೂರಿನ ಸೀರೆ ಅಂಗಡಿಯೊಂದರಲ್ಲಿ, ಇಳಿಜಾರಿನಲ್ಲಿ ಕಳೆದುದಕ್ಕಿಂತ ಹೆಚ್ಚು ಹೊತ್ತು ಕಳೆದೆವು. ಸೀರೆಗಳು ಸೊಗಸಾಗಿದ್ದವು, ಅದು ಬೇರೆ ಮಾತು. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಹೋಗುವವರು ಹಣ ಕಟ್ಟುವ ಮೊದಲೇ ಸಮಾಧಿಗಳನ್ನು ತೋರಿಸುವರೇ ಎಂದು ವಿಚಾರಿಸಿಕೊಳ್ಳಿ. ಅಲ್ಲಿ ನೆರಳು ಕಡಿಮೆ, ನೀರು ಜೊತೆಗಿರಲಿ.