ಎಂ ಸ್ಟ್ರೀಟ್ ಹೈಸ್ಕೂಲು: ನಿವೃತ್ತ ಪರಿವೀಕ್ಷಕಿಯ ತಡವಾದ ತಪಾಸಣೆ

ಹತ್ತೊಂಬತ್ತು ವರ್ಷ ವಿಷಯ ಪರಿವೀಕ್ಷಕಿಯಾಗಿ ಪ್ರೌಢಶಾಲೆಗಳನ್ನು ಸುತ್ತಿದವಳು ನಾನು. ಶಾಲೆಯ ಗೇಟು ದಾಟಿ ಮುಖ್ಯೋಪಾಧ್ಯಾಯರ ಕೊಠಡಿಗೆ ಕಾಲಿಟ್ಟ ಕೂಡಲೇ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಹುಡುಕುತ್ತಿದ್ದೆ. ಯಾವ ವಿಷಯಕ್ಕೆ ಬೆಳಗಿನ ಮೊದಲ ಅವಧಿ ಸಿಕ್ಕಿದೆ, ಯಾವುದನ್ನು ಊಟದ ನಂತರದ ತೂಕಡಿಕೆಯ ಹೊತ್ತಿಗೆ ತಳ್ಳಿದ್ದಾರೆ, ಯಾವ ವಿಷಯದ ಎದುರಿಗೆ ಶಿಕ್ಷಕರ ಹೆಸರೇ ಇಲ್ಲದೆ ಬರೀ ಗೆರೆ ಎಳೆದಿದ್ದಾರೆ ಎಂಬುದನ್ನು ನೋಡಿದರೆ, ಆ ಊರಿನ ಮಕ್ಕಳ ಬಗ್ಗೆ ದೊಡ್ಡವರು ಏನೆಂದುಕೊಂಡಿದ್ದಾರೆ ಎಂಬುದು ತಿಳಿದುಬಿಡುತ್ತಿತ್ತು.

ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳ ಪಾಸ್‌ಪೋರ್ಟಿನ ಪುಟಗಳ ಮೇಲೆ ಹಿರಿಯರ ಮಾತುಗಳನ್ನು ಅಚ್ಚು ಹಾಕಿದ್ದಾರೆ. ಅವುಗಳಲ್ಲಿ ಹೆಂಗಸಿನದು ಒಂದೇ ಒಂದು, ಅನಾ ಜೂಲಿಯಾ ಕೂಪರ್ ಎಂಬವರದು. ಯಾರು ಈಕೆ ಎಂದು ಹುಡುಕಿದರೆ ಪಕ್ಕದ ವಾಷಿಂಗ್ಟನ್ ನಗರದಲ್ಲಿದ್ದ ಎಂ ಸ್ಟ್ರೀಟ್ ಎಂಬ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ! ಮರುದಿನದಿಂದಲೇ ಆ ಶಾಲೆಯ ಚರಿತ್ರೆಯನ್ನೂ ವಾಷಿಂಗ್ಟನ್ ಶಾಲಾ ಮಂಡಳಿಯ ಹಳೆಯ ವಾರ್ಷಿಕ ವರದಿಗಳನ್ನೂ ಓದತೊಡಗಿದೆ. ನಂತರ ಒಂದು ಬೆಳಿಗ್ಗೆ ಮೆಟ್ರೋದಲ್ಲಿ ನೋಮಾ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ನಡೆದು, ಎಂ ಬೀದಿಯ 128ನೇ ಸಂಖ್ಯೆಯ ಕೆಂಪು ಇಟ್ಟಿಗೆಯ ಕಟ್ಟಡದ ಮುಂದೆ ನಿಂತೆ. ಈಗ ಅಲ್ಲಿ ಹೈಸ್ಕೂಲಿಲ್ಲ. ಕಟ್ಟಡ ಮಾತ್ರ 1891ರದು.

ಶಾಲೆ ಅದಕ್ಕಿಂತ ಹಳೆಯದು. ಗುಲಾಮಗಿರಿ ಅಳಿದು ಐದು ವರ್ಷವಾಗುವಷ್ಟರಲ್ಲಿ, 1870ರಲ್ಲಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕಪ್ಪು ಜನಾಂಗದ ಮಕ್ಕಳಿಗಾಗಿ ಆರಂಭವಾಯಿತು. ಬಿಳಿಯರ ಮಕ್ಕಳಿಗೆ ಬೇರೆ ಶಾಲೆ, ಇವರಿಗೆ ಬೇರೆ ಶಾಲೆ ಎಂಬ ಅನ್ಯಾಯದ ವ್ಯವಸ್ಥೆಯೊಳಗೆ ಹುಟ್ಟಿದ ಶಾಲೆ ಇದು. ಆ ಅನ್ಯಾಯವನ್ನು ಮರೆತು ಇದನ್ನು ಹೊಗಳಬಾರದು ಎಂದು ನನಗೆ ನಾನೇ ಹೇಳಿಕೊಂಡು ತಪಾಸಣೆಗೆ ಇಳಿದೆ.

ಇಲ್ಲಿದ್ದ ಮುಖ್ಯ ವಿಭಾಗಗಳು ಮೂರು: ಕಾಲೇಜಿಗೆ ಸಜ್ಜುಗೊಳಿಸುವ ಶಾಸ್ತ್ರೀಯ ವಿಭಾಗ, ವಿಜ್ಞಾನ ವಿಭಾಗ, ವಾಣಿಜ್ಯ ವಿಭಾಗ. ವಾಣಿಜ್ಯದಲ್ಲಿ ಲೆಕ್ಕಪತ್ರ, ಶೀಘ್ರಲಿಪಿ, ಬೆರಳಚ್ಚು; ಬೇಗ ದುಡಿಮೆಗೆ ಹೋಗಬೇಕಾದ ಮಕ್ಕಳಿಗೆ ಇದು ಆಸರೆ. ಗಂಡುಮಕ್ಕಳಿಗೆ ನಮ್ಮ ಎನ್‌ಸಿಸಿಯಂಥ ಕೆಡೆಟ್ ಕವಾಯತು ಇತ್ತು.

ನಾನು ಹೆಚ್ಚು ಹೊತ್ತು ಕಳೆದದ್ದು ಶಾಸ್ತ್ರೀಯ ವಿಭಾಗದ ಲ್ಯಾಟಿನ್ ಪಾಠಗಳಲ್ಲಿ. ಅಂದಿನ ಅಮೆರಿಕದ ಹೈಸ್ಕೂಲುಗಳ ರೂಢಿಯ ಕ್ರಮ ಹೀಗಿತ್ತು: ಮೊದಲ ವರ್ಷ ವ್ಯಾಕರಣ, ಎರಡನೆಯ ವರ್ಷ ಸೀಸರನ ಯುದ್ಧದ ಗದ್ಯ, ಮೂರನೆಯ ವರ್ಷ ಸಿಸೆರೋನ ಭಾಷಣಗಳು, ನಾಲ್ಕನೆಯ ವರ್ಷ ವರ್ಜಿಲನ ಮಹಾಕಾವ್ಯ. ನಾನು ಸಂಸ್ಕೃತದ ವಿದ್ಯಾರ್ಥಿನಿ. ಶಬ್ದರೂಪ, ಧಾತುರೂಪಗಳನ್ನು ಗಟ್ಟಿ ಮಾಡಿ, ಗದ್ಯದಲ್ಲಿ ಅನ್ವಯ ಕಲಿತು, ಆಮೇಲೆ ಕಾವ್ಯಕ್ಕೆ ಏರುವ ಮೆಟ್ಟಿಲು ನನಗೆ ಚೆನ್ನಾಗಿ ಗೊತ್ತು. ವಾಕ್ಯದ ತುದಿಯಲ್ಲಿ ಕುಳಿತ ಕ್ರಿಯಾಪದಕ್ಕಾಗಿ ಕಾಯುವ ತಾಳ್ಮೆ, ವಿಭಕ್ತಿ ಪ್ರತ್ಯಯ ಹಿಡಿದು ಕರ್ತೃವನ್ನು ಪತ್ತೆ ಮಾಡುವ ಖುಷಿ, ಇವೆರಡೂ ಎರಡು ಭಾಷೆಗಳಲ್ಲಿಯೂ ಒಂದೇ. ಅಕ್ಷರ ಕಲಿತರೆ ಶಿಕ್ಷೆಯಾಗುತ್ತಿದ್ದ ನಾಡಿನಲ್ಲಿ, ಗುಲಾಮರ ಮೊಮ್ಮಕ್ಕಳು ಬೆಳಗಿನ ಅವಧಿಯಲ್ಲಿ ಎದ್ದು ನಿಂತು ಸಿಸೆರೋನನ್ನು ಓದಿ ಅರ್ಥ ಹೇಳುವುದನ್ನು ನೆನೆದು ಆ ಕಟ್ಟಡದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತುಬಿಟ್ಟೆ.

ಮುಖ್ಯೋಪಾಧ್ಯಾಯಿನಿಯ ಅರ್ಹತೆಯನ್ನು ನೋಡೋಣ. ಕೂಪರ್ 1858ರಲ್ಲಿ ಹುಟ್ಟಿದ್ದು ಗುಲಾಮಳಾಗಿ. ಓದಿದ ಮೊದಲ ಶಾಲೆಯಲ್ಲಿ ಗ್ರೀಕ್ ತರಗತಿ ಗಂಡಸರಿಗೆ ಮೀಸಲಾಗಿದ್ದರೂ ಹಟ ಹಿಡಿದು ಕಲಿತವರು. ಓಬರ್ಲಿನ್ ಕಾಲೇಜಿನಲ್ಲಿ ಹೆಂಗಸರಿಗೆಂದಿದ್ದ ಸುಲಭದ ಪಠ್ಯವನ್ನು ಬಿಟ್ಟು ಗಂಡಸರ ಪಠ್ಯವನ್ನೇ ಆರಿಸಿಕೊಂಡು 1884ರಲ್ಲಿ ಪದವಿ ಪಡೆದರು. 1887ರಲ್ಲಿ ಈ ಶಾಲೆಗೆ ಗಣಿತ, ವಿಜ್ಞಾನ ಕಲಿಸಲು ಬಂದು 1902ರಲ್ಲಿ ಮುಖ್ಯಸ್ಥೆಯಾದರು. ಅವರ ಕಾಲದಲ್ಲಿ ಇಲ್ಲಿಂದ ಹಾರ್ವರ್ಡ್, ಯೇಲ್, ಬ್ರೌನ್‌ಗೆ ಮಕ್ಕಳು ಹೋದರು.

ಉಳಿದ ಶಿಕ್ಷಕರ ಪಟ್ಟಿಯನ್ನೂ ಓದಿದೆ. ಇಲ್ಲಿ ಪಾಠ ಮಾಡುತ್ತಿರುವಾಗಲೇ, 1912ರಲ್ಲಿ, ಹಾರ್ವರ್ಡ್‌ನಿಂದ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದವರು ಕಾರ್ಟರ್ ವುಡ್ಸನ್. ಮುಂದೆ ಕಾದಂಬರಿಕಾರ್ತಿಯಾಗಿ ಹೆಸರಾದ ಜೆಸ್ಸಿ ಫಾಸೆಟ್ ಫ್ರೆಂಚ್ ಕಲಿಸುತ್ತಿದ್ದರು. ನನ್ನ ಇಡೀ ಸೇವಾವಧಿಯಲ್ಲಿ ಇಂಥ ಸಿಬ್ಬಂದಿ ಪಟ್ಟಿಯನ್ನು ನಾನು ಕಂಡಿಲ್ಲ. ಇಂಥ ವಿದ್ವಾಂಸರು ಹೈಸ್ಕೂಲಿಗೆ ಸಿಕ್ಕಿದ್ದೇಕೆ? ಬಿಳಿಯರ ವಿಶ್ವವಿದ್ಯಾಲಯಗಳು ಅವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ರಾಜಧಾನಿಯ ಶಾಲೆಗಳಲ್ಲಾದರೆ ಅವರಿಗೂ ಬಿಳಿಯ ಶಿಕ್ಷಕರಷ್ಟೇ ಸಂಬಳವಿತ್ತು. ಮಕ್ಕಳ ಭಾಗ್ಯದ ಹಿಂದೆ ಶಿಕ್ಷಕರಿಗಾದ ಅವಮಾನವೂ ಇದೆ ಎಂಬುದನ್ನು ವರದಿಯಲ್ಲಿ ಬರೆಯಲೇಬೇಕು.

ಫಲಿತಾಂಶ: 1899ರಲ್ಲಿ ವಾಷಿಂಗ್ಟನ್‌ನ ನಾಲ್ಕು ಹೈಸ್ಕೂಲುಗಳಿಗೆ ಒಂದೇ ಪರೀಕ್ಷೆ ಕೊಟ್ಟಾಗ, ಬಿಳಿಯರ ಮೂರು ಶಾಲೆಗಳ ಪೈಕಿ ಎರಡನ್ನು ಈ ಶಾಲೆ ಹಿಂದಿಕ್ಕಿತ್ತು.

ಇಷ್ಟಾದರೂ ಈ ಶಾಲೆಯ ವೇಳಾಪಟ್ಟಿಯ ಮೇಲೆ ಟೀಕಾಕಾರರ ಕಣ್ಣು ಬಿತ್ತು. ಕರಕುಶಲ ವೃತ್ತಿಗಳನ್ನು ಕಲಿಸುವುದೇ ಕಪ್ಪು ಜನರಿಗೆ ಸರಿಯಾದ ಶಿಕ್ಷಣ ಎಂಬ, ಕಪ್ಪು ಜನರ ಪ್ರಭಾವಿ ನಾಯಕ ಬುಕರ್ ಟಿ. ವಾಷಿಂಗ್ಟನ್ ಅವರ ವಾದಕ್ಕೆ ಆಗ ದೊಡ್ಡ ಬೆಂಬಲವಿತ್ತು. 1902ರಲ್ಲಿ ಇದೇ ನಗರದಲ್ಲಿ ಆರ್ಮ್‌ಸ್ಟ್ರಾಂಗ್ ಎಂಬ ಕಸುಬಿನ ಹೈಸ್ಕೂಲು ತೆರೆಯಿತು. ಅದು ತಪ್ಪಲ್ಲ. ನನ್ನ ತಂದೆ ಬಡಗಿ. ಉಳಿ ಹಿಡಿಯುವ ಕೈಯನ್ನು ನಾನು ಎಂದೂ ಕಡಿಮೆ ಎಂದುಕೊಂಡಿಲ್ಲ. ಆದರೆ ಎಂ ಸ್ಟ್ರೀಟ್‌ನ ಪಾಠಗಳ ಮಟ್ಟವನ್ನೇ ಇಳಿಸಬೇಕೆಂಬ ಒತ್ತಡ ಬಂದಾಗ ಕೂಪರ್ ಒಪ್ಪಲಿಲ್ಲ. ಶಿಸ್ತಿಲ್ಲ, ಆಡಳಿತ ಸರಿಯಿಲ್ಲ ಎಂಬ ದೂರುಗಳು ಎದ್ದವು, ವಿಚಾರಣೆ ನಡೆಯಿತು, 1906ರಲ್ಲಿ ಮಂಡಳಿ ಅವರನ್ನು ಮುಂದುವರಿಸಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಸೇವೆಯ ಆರಂಭದ ದಿನಗಳಲ್ಲಿ ಗಡಿ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದೆ. ಹತ್ತನೆಯ ತರಗತಿಯ ಗಣಿತದ ಕೊನೆಯ ಐದು ಅಧ್ಯಾಯಗಳನ್ನು ಅಲ್ಲಿ ಮುಟ್ಟಿಯೇ ಇರಲಿಲ್ಲ. ಕೇಳಿದ್ದಕ್ಕೆ, ‘ಈ ಮಕ್ಕಳಿಗೆ ಇಷ್ಟು ಸಾಕು ಮೇಡಂ, ಪಾಸಾದರೆ ಹೆಚ್ಚು’ ಎಂದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ತಾನೇ ಪುಸ್ತಕ ನೋಡಿಕೊಂಡು ತ್ರಿಕೋನಮಿತಿಯ ಲೆಕ್ಕ ಬಿಡಿಸಿದ್ದ ಪುಟವನ್ನು ನನಗೆ ತೋರಿಸಿದಳು. ಎರಡು ಹೆಜ್ಜೆ ತಪ್ಪಿತ್ತು, ತಿದ್ದಿ ಕೊಟ್ಟೆ. ಆದರೂ ಸಂಜೆ ಬಸ್ಸಿಗೆ ಹೊತ್ತಾಯಿತೆಂದು ತಪಾಸಣಾ ನಮೂನೆಯಲ್ಲಿ ‘ತೃಪ್ತಿಕರ’ ಎಂದು ಬರೆದು ಸಹಿ ಹಾಕಿ ಬಂದೆ. ಆ ಸಹಿ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ನೇತೃತ್ವದ ಹತ್ತು ಜನರ ಸಮಿತಿ 1893ರ ಹೊತ್ತಿಗೇ ಒಂದು ಮಾತು ಹೇಳಿತ್ತು: ಮಗು ಕಾಲೇಜಿಗೆ ಹೋಗಲಿ, ಬಿಡಲಿ, ಒಂದು ವಿಷಯವನ್ನು ಕಲಿಸುವುದಾದರೆ ಎಲ್ಲರಿಗೂ ಒಂದೇ ರೀತಿಯಲ್ಲಿ ಕಲಿಸಬೇಕು. ಅಮೆರಿಕದ ಶಾಲೆಗಳು ಮುಂದಿನ ದಶಕಗಳಲ್ಲಿ ಅದರಿಂದ ದೂರ ಸರಿದವು. ಎಂ ಸ್ಟ್ರೀಟ್ ಬಿಡದೆ ಹಿಡಿದುಕೊಂಡಿತ್ತು.

ಕೊರತೆಯೂ ಉಂಟು. ಕಟ್ಟಡ ಮಕ್ಕಳ ಸಂಖ್ಯೆಗೆ ಸಾಲುತ್ತಿರಲಿಲ್ಲ. 1916ರಲ್ಲಿ ಶಾಲೆ ಹೊಸ ಕಟ್ಟಡಕ್ಕೆ ಹೋಗಿ ಕವಿ ಡನ್‌ಬಾರ್ ಹೆಸರು ಪಡೆಯಿತು. ಆ ಕಟ್ಟಡವನ್ನು 1970ರ ದಶಕದಲ್ಲಿ ಕೆಡವಿದ್ದಾರೆ ಎಂದು ತಿಳಿದು ಬೇಸರವಾಯಿತು.

1911ರಲ್ಲಿ ಹದಿನೈದರ ಹರೆಯದಲ್ಲೇ ಇಲ್ಲಿಂದ ತೇರ್ಗಡೆಯಾದ ಚಾರ್ಲ್ಸ್ ಹ್ಯೂಸ್ಟನ್ ವಕೀಲರಾಗಿ, ಜನಾಂಗಕ್ಕೊಂದು ಶಾಲೆ ಎಂಬ ವ್ಯವಸ್ಥೆಯ ವಿರುದ್ಧದ ಕಾನೂನು ಸಮರಕ್ಕೆ ಬುನಾದಿ ಹಾಕಿದರು. 1954ರ ಮೇ 17ರಂದು ಸುಪ್ರೀಂ ಕೋರ್ಟು ಆ ವ್ಯವಸ್ಥೆಯನ್ನು ತಳ್ಳಿಹಾಕಿದಾಗ ಅವರು ಬದುಕಿರಲಿಲ್ಲ. ಅದೇ ದಿನ ಬಂದ ಇನ್ನೊಂದು ತೀರ್ಪು ವಾಷಿಂಗ್ಟನ್‌ನ ಶಾಲೆಗಳದ್ದೇ ಆಗಿತ್ತು.

ಸಿಬ್ಬಂದಿ, ಪಠ್ಯ, ಫಲಿತಾಂಶ ಮೂರಕ್ಕೂ ನಾನು ಎ ಶ್ರೇಣಿ ಕೊಡುತ್ತೇನೆ, ಕಟ್ಟಡಕ್ಕೆ ಸಿ. ಆಡಳಿತ ಮಂಡಳಿ 1906ರಲ್ಲಿ ನಡೆದುಕೊಂಡ ರೀತಿಗೆ ಯಾವ ಶ್ರೇಣಿಯೂ ಇಲ್ಲ.

ನೋಡಲು ಹೋಗುವವರು ಕೆಂಪು ಕಟ್ಟಡವನ್ನು ನೋಡಿ ಅಲ್ಲಿಗೇ ಹಿಂದಿರುಗಬೇಡಿ. ಉತ್ತರಕ್ಕೆ ಲೆಡ್ರಾಯ್ಟ್ ಪಾರ್ಕ್ ಬಡಾವಣೆಯವರೆಗೆ ನಡೆಯಿರಿ. ಅಲ್ಲಿ ಕೂಪರ್ ಹೆಸರಿನ ಪುಟ್ಟ ವೃತ್ತವಿದೆ, ಅವರು ವಾಸವಿದ್ದ ಮನೆಯೂ ಹತ್ತಿರದಲ್ಲೇ ಇದೆ. ತೆಗೆದುಹಾಕಿದ ನಾಲ್ಕು ವರ್ಷಗಳ ಬಳಿಕ, 1910ರಲ್ಲಿ, ಅವರು ಇದೇ ಶಾಲೆಗೆ ಮರಳಿದರು, ಈ ಬಾರಿ ಲ್ಯಾಟಿನ್ ಸಹಶಿಕ್ಷಕಿಯಾಗಿ. ಪಾಠ ಮಾಡುತ್ತಲೇ ಓದಿ 1925ರಲ್ಲಿ ಪ್ಯಾರಿಸ್‌ನ ಸೋರ್ಬಾನ್‌ನಿಂದ ಡಾಕ್ಟರೇಟ್ ಪಡೆದರು. ನಿವೃತ್ತರಾಗುವವರೆಗೂ, ಅಂದರೆ 1930ರವರೆಗೂ, ಅವರ ತರಗತಿ ನಡೆಯುತ್ತಲೇ ಇತ್ತು.