ಫ್ಲಿಪ್ ಹೆಲ್ಮೆಟ್ಟೋ, ಫುಲ್‌ಫೇಸೋ? ಮೊದಲು ಲಾಕ್ ನೋಡಿ

ಗಲ್ಲದ ಮುಂದಿನ ಭಾಗವನ್ನು, ಅಂದರೆ ಚಿನ್ ಬಾರನ್ನು, ಮೇಲಕ್ಕೆ ಎತ್ತಬಹುದಾದ ಬೈಕ್ ಹೆಲ್ಮೆಟ್ಟೇ ಫ್ಲಿಪ್; ಆ ಭಾಗ ಎತ್ತಲಾಗದಂತೆ ಒಂದಾಗಿಯೇ ಇರುವುದು ಫುಲ್‌ಫೇಸ್. ಒಳ್ಳೆಯ ಫ್ಲಿಪ್ ಹೆಲ್ಮೆಟ್ ಕೊಳ್ಳಲು ಹೆದರಬೇಕಾಗಿಲ್ಲ, ಓಡಿಸುವಾಗ ಚಿನ್ ಬಾರ್ ಮುಚ್ಚಿಕೊಂಡೇ ಇರುತ್ತೀರಿ ಎಂದಾದರೆ. ಆದರೆ ಕೈಯಲ್ಲಿರುವ ದುಡ್ಡು ಕಡಿಮೆ ಇದ್ದರೆ ಅಗ್ಗದ ಫ್ಲಿಪ್‌ಗಿಂತ ಅದೇ ಬೆಲೆಯ ಫುಲ್‌ಫೇಸ್ ಮೇಲು. ಫುಲ್‌ಫೇಸ್‌ನಲ್ಲಿ ತಯಾರಕರ ಖರ್ಚು ಶೆಲ್ (ಹೊರಗಿನ ಗಟ್ಟಿ ಕವಚ), ಒಳಗಿನ ಥರ್ಮಾಕೋಲ್ ಮತ್ತು ವೈಸರ್‌ಗೆ ಹೋಗುತ್ತದೆ. ಫ್ಲಿಪ್‌ನಲ್ಲಿ ಅಷ್ಟೇ ಹಣದಲ್ಲಿ ಹಿಂಜ್, ಕೊಕ್ಕೆ, ಪಿನ್, ಸ್ಪ್ರಿಂಗ್, ಬಟನ್ ಎಲ್ಲವೂ ಬರಬೇಕು. ಉಳಿತಾಯಕ್ಕೆ ಹೊರಟಾಗ ಮೊದಲು ಕತ್ತರಿ ಬೀಳುವುದು ಲಾಕ್‌ಗೆ.

ಎರಡರ ನಿಜವಾದ ವ್ಯತ್ಯಾಸ ಇರುವುದೂ ಅಲ್ಲೇ. ಫುಲ್‌ಫೇಸ್‌ನ ಶೆಲ್ ಗಲ್ಲದ ಸುತ್ತ ಎಲ್ಲೂ ತುಂಡಾಗದೆ ಬಂದಿರುತ್ತದೆ. ಮುಂದಿನಿಂದ ಬಿದ್ದ ಪೆಟ್ಟು ಇಡೀ ಶೆಲ್‌ಗೆ ಹಂಚಿಹೋಗುತ್ತದೆ. ಫ್ಲಿಪ್‌ನಲ್ಲಿ ಆ ಪೆಟ್ಟು ನಾಲ್ಕು ಜಾಗಗಳ ಮೂಲಕ ದಾಟಬೇಕು: ಕಿವಿಯ ಮೇಲ್ಭಾಗದ ಎರಡು ಹಿಂಜ್, ದವಡೆಯ ಬಳಿಯ ಎರಡು ಲಾಕ್. ಅಂಗಡಿಯಲ್ಲಿ ಚಿನ್ ಬಾರ್ ಎತ್ತಿ, ಶೆಲ್‌ನ ಅಂಚಿನಲ್ಲಿ ಎಡಕ್ಕೂ ಬಲಕ್ಕೂ ಚಾಚಿಕೊಂಡಿರುವ ಪಿನ್‌ಗಳನ್ನು ನೋಡಿ. ಅವು ಉಕ್ಕಿನದಾಗಿರಬೇಕು, ಬೆರಳಿನಿಂದ ತಳ್ಳಿದರೆ ಅಲುಗಾಡಬಾರದು. ಅವನ್ನು ಹಿಡಿಯುವ ಕೊಕ್ಕೆ ಚಿನ್ ಬಾರ್‌ನ ಒಳಗಿರುತ್ತದೆ. ಅದೂ ಲೋಹದ್ದೇ ಇರಲಿ. ಪ್ಲಾಸ್ಟಿಕ್ ಕೊಕ್ಕೆ ದಿನವೂ ತೆಗೆದು ಹಾಕಿ ಸವೆಯುತ್ತದೆ, ಸವೆದ ಮೇಲೆ ಮುಚ್ಚಿದಾಗಲೂ ಚಿನ್ ಬಾರ್ ಕಟಕಟ ಅನ್ನುತ್ತದೆ. ಆ ಸದ್ದು ಶುರುವಾದ ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಬೇಡಿ.

ಪ್ಯಾಕೆಟ್ ಮೇಲಿನ ಮಾತು ಬಿಡಿ, ಚಿನ್ ಸ್ಟ್ರಾಪ್‌ಗೆ ಹೊಲಿದಿರುವ ಬಟ್ಟೆ ಚೀಟಿಯನ್ನು ಓದಿ. ಯುರೋಪಿನ ಇಸಿಇ ಮಾನದಂಡದ ಹೆಲ್ಮೆಟ್ಟಾದರೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಅನುಮೋದಿಸಿದ ದೇಶದ ಸಂಖ್ಯೆ ಇರುತ್ತದೆ (1 ಜರ್ಮನಿ, 3 ಇಟಲಿ, 9 ಸ್ಪೇನ್). ಅದರ ಕೆಳಗಿನ ಅನುಮೋದನೆ ಸಂಖ್ಯೆ 06ರಿಂದ ಶುರುವಾದರೆ ಅದು 2021ರಲ್ಲಿ ಜಾರಿಗೆ ಬಂದ 22.06 ನಿಯಮದ್ದು, 05ರಿಂದ ಶುರುವಾದರೆ ಹಳೆಯದು. ಹೊಸ ನಿಯಮದಲ್ಲಿ ಒಂದಕ್ಕಿಂತ ಹೆಚ್ಚು ವೇಗದ ಡಿಕ್ಕಿಗಳ ಜೊತೆಗೆ, ತಲೆ ತಿರುಚುವಂಥ ಓರೆ ಪೆಟ್ಟಿನ ಪರೀಕ್ಷೆಯೂ ಸೇರಿದೆ. ಸಂಖ್ಯೆಯ ನಂತರದ ಅಕ್ಷರವೇ ಫ್ಲಿಪ್ ಕೊಳ್ಳುವವರಿಗೆ ಮುಖ್ಯ. ಪಿ ಇದ್ದರೆ ಚಿನ್ ಬಾರ್ ಮುಚ್ಚಿದಾಗ ಗಲ್ಲಕ್ಕೆ ರಕ್ಷಣೆ ಉಂಟು, ಜೆ ಎಂದರೆ ತೆರೆದ ಮುಖದ ಹೆಲ್ಮೆಟ್. ಪಿ/ಜೆ ಎಂದಿದ್ದರೆ ಎರಡೂ ರೀತಿಯಲ್ಲಿ ಪಾಸಾಗಿದೆ. ಎನ್‌ಪಿ ಎಂದಿದ್ದರೆ ಆ ಚಿನ್ ಬಾರ್ ರಕ್ಷಣೆಗೆ ಲೆಕ್ಕಕ್ಕಿಲ್ಲ, ಗಾಳಿ ತಡೆಯಲಷ್ಟೇ. ನೋಡಲು ಫ್ಲಿಪ್‌ನಂತೆಯೇ ಇದ್ದರೂ ಅದನ್ನು ವಾಪಸ್ ಕೊಟ್ಟುಬಿಡಿ. ಅಮೆರಿಕದ ಮಾನದಂಡದ ಡಾಟ್ (DOT) ಗುರುತನ್ನೊಂದೇ ನಂಬಿದರೆ ಸಾಲದು. ಆ ಮಾನದಂಡದಲ್ಲಿ ಚಿನ್ ಬಾರ್‌ಗೆ ಡಿಕ್ಕಿ ಪರೀಕ್ಷೆಯೇ ಇಲ್ಲ.

ಬ್ರಿಟನ್ ಸರ್ಕಾರ 2007ರಲ್ಲಿ ಶುರುಮಾಡಿದ ಶಾರ್ಪ್ ಯೋಜನೆ ಹೆಲ್ಮೆಟ್ಟುಗಳಿಗೆ 1ರಿಂದ 5 ಸ್ಟಾರ್ ಕೊಡುತ್ತದೆ. ಫ್ಲಿಪ್‌ಗಳಿಗೆ ಸ್ಟಾರ್ ಜೊತೆಗೆ ಇನ್ನೊಂದು ಅಂಕಿಯನ್ನೂ ಕೊಡುತ್ತಾರೆ: ಡಿಕ್ಕಿ ಪರೀಕ್ಷೆಗಳಲ್ಲಿ ಶೇಕಡಾ ಎಷ್ಟು ಸಲ ಚಿನ್ ಬಾರ್ ಲಾಕ್ ಆಗಿಯೇ ಉಳಿಯಿತು ಎಂದು. ಸ್ಟಾರ್‌ಗಿಂತ ಮೊದಲು ನೋಡಬೇಕಾದದ್ದು ಇದನ್ನೇ. ನೆತ್ತಿಗೆ ಚೆನ್ನಾಗಿ ರಕ್ಷಣೆ ಕೊಟ್ಟು ಸ್ಟಾರ್ ಗಳಿಸಿದ ಹೆಲ್ಮೆಟ್ಟಿನ ಲಾಕ್ ನಡುವೆ ಬಿಚ್ಚಿಕೊಳ್ಳುವುದು ಸಾಧ್ಯ. 100ಕ್ಕೆ 100 ಇರುವ ಮಾಡೆಲ್‌ಗಳು ಸಿಗುವಾಗ ಅದಕ್ಕಿಂತ ಕಡಿಮೆಗೆ ಒಪ್ಪಿಕೊಳ್ಳುವ ಅಗತ್ಯವಿಲ್ಲ.

ತೆರೆದುಕೊಂಡು ಓಡಿಸುವ ಆಸೆ ಇದ್ದರೆ ಪಿ/ಜೆ ಇರುವುದನ್ನೇ ಆರಿಸಿ, ಜೊತೆಗೆ ಚಿನ್ ಬಾರ್ ಮೇಲೆತ್ತಿದಾಗ ಕೆಳಗೆ ಬೀಳದಂತೆ ತಡೆಯುವ ಚಿಕ್ಕ ಸ್ಲೈಡರ್ ಹಿಂಜ್ ಬಳಿ ಇದೆಯೇ ನೋಡಿ. ಇದು ಇಲ್ಲದಿದ್ದರೆ ರಸ್ತೆಯ ಗುಂಡಿ ಹಾರಿದಾಗ ಬಾರ್ ದಡಕ್ಕನೆ ಇಳಿದು ಕಣ್ಣಿಗೆ ಅಡ್ಡ ಬರುತ್ತದೆ. ಎತ್ತಿದ ಬಾರ್ ಗಾಳಿಗೆ ಸಿಕ್ಕಿ ತಲೆಯನ್ನು ಹಿಂದಕ್ಕೆ ಎಳೆಯುತ್ತದೆ ಕೂಡ. ಶಾರ್ಕ್‌ನ ಇವೊ ಸಾಲು, ಎಲ್‌ಎಸ್2 ವ್ಯಾಲಿಯಂಟ್‌ನಂಥವುಗಳಲ್ಲಿ ಬಾರ್ ಪೂರ್ತಿ ತಲೆಯ ಹಿಂಬದಿಗೆ ಹೋಗುವುದರಿಂದ ಈ ಎಳೆತ ಕಡಿಮೆ. ಆದರೂ ವೇಗದ ರಸ್ತೆಯಲ್ಲಿ ಮುಚ್ಚಿಕೊಳ್ಳಿ. ಜೆ ಅಕ್ಷರ ಇದೆ ಎಂದಮಾತ್ರಕ್ಕೆ ದವಡೆ ಉಳಿಯುವುದಿಲ್ಲ.

ತೂಕದ ವಿಷಯ: ಫುಲ್‌ಫೇಸ್ ಸಾಮಾನ್ಯವಾಗಿ 1,300ರಿಂದ 1,600 ಗ್ರಾಂ, ಫ್ಲಿಪ್ 1,600ರಿಂದ 1,850 ಗ್ರಾಂ. ಅಂಗಡಿಯಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೂರು ಗಂಟೆ ಓಡಿಸಿದ ಮೇಲೆ, ಪದೇಪದೇ ತಿರುಗಿ ಹಿಂದೆ ನೋಡುವ ಕತ್ತು ಹೇಳುತ್ತದೆ. ಗಾಳಿಯ ಸದ್ದೂ ಅಷ್ಟೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎರಡೂ ಬಗೆಯೊಳಗೆ ಕಿವಿಗೆ ಹಾನಿಯಾಗುವಷ್ಟು ಸದ್ದಿರುತ್ತದೆ, ಹಾಗಾಗಿ ಇಯರ್‌ಪ್ಲಗ್ ಎರಡಕ್ಕೂ ಬೇಕು. ಫ್ಲಿಪ್‌ನಲ್ಲಿ ಮಾತ್ರ ಕೂಡುಗೆರೆಯಿಂದ ಬರುವ ಸಿಳ್ಳೆಯೂ ಸೇರುತ್ತದೆ. ಬಹುಪಾಲು ಫ್ಲಿಪ್‌ಗಳಲ್ಲಿ ವೈಸರ್ ಚಿನ್ ಬಾರ್ ಜೊತೆಗೇ ಮೇಲೇಳುತ್ತದೆ. ಮುಚ್ಚಿದಾಗ ಅದರ ಮೇಲಂಚು ಹಣೆಯ ಬಳಿಯ ರಬ್ಬರ್‌ಗೆ ಸರಿಯಾಗಿ ಕೂರದಿದ್ದರೆ ಜೋರು ಮಳೆಯಲ್ಲಿ ಅಲ್ಲಿಂದಲೇ ನೀರು ಒಳಗೆ ಜಿನುಗುತ್ತದೆ.

ಇಷ್ಟೆಲ್ಲ ಇದ್ದೂ ಕನ್ನಡಕ ಹಾಕುವವರಿಗೆ ಫ್ಲಿಪ್ ಕೊಡುವ ನೆಮ್ಮದಿ ದೊಡ್ಡದು. ಹಲವು ಮಾಡೆಲ್‌ಗಳನ್ನು ಕನ್ನಡಕ ತೆಗೆಯದೆಯೇ ಹಾಕಿಕೊಳ್ಳಬಹುದು. ಫುಲ್‌ಫೇಸ್‌ನಲ್ಲಿ ಮೊದಲು ಹೆಲ್ಮೆಟ್, ಆಮೇಲೆ ವೈಸರ್ ಎತ್ತಿ ಕನ್ನಡಕದ ಕಡ್ಡಿಗಳನ್ನು ನೇರವಾಗಿ ಒಳಗೆ ತೂರಿಸಬೇಕು. ಕೆನ್ನೆಯ ಪ್ಯಾಡ್‌ನಲ್ಲಿ ಕಡ್ಡಿಗೆ ಜಾಗ ಬಿಟ್ಟಿರದಿದ್ದರೆ ಅರ್ಧ ಗಂಟೆಯಲ್ಲಿ ಕಿವಿಯ ಮೇಲೆ ನೋವು ಶುರು. ಕನ್ನಡಕವಿದ್ದು ಫುಲ್‌ಫೇಸೇ ಬೇಕೆನ್ನುವವರು ಕಡ್ಡಿ ತೆಳ್ಳಗಿರುವ, ತುದಿ ಹೆಚ್ಚು ಬಾಗದ ಫ್ರೇಮ್ ಒಂದನ್ನು ಬೈಕಿಗೆಂದೇ ಇಟ್ಟುಕೊಳ್ಳಲಿ. ದಿನಕ್ಕೆ ಹತ್ತು ಸಲ ನಿಲ್ಲಿಸಿ ಮಾತಾಡಬೇಕಾದ ಕೆಲಸದವರಿಗೂ, ದೂರ ಪ್ರಯಾಣದಲ್ಲಿ ನಡುನಡುವೆ ನೀರು ಕುಡಿಯುವವರಿಗೂ ಫ್ಲಿಪ್ ಸರಿ. ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ, ಅಲ್ಲಿ ಸಾಮಾನ್ಯವಾಗಿ ಫ್ಲಿಪ್ ಬಿಡುವುದಿಲ್ಲ.

ಅಳತೆ ತೆಗೆಯುವಾಗ ಟೇಪನ್ನು ಹುಬ್ಬಿನಿಂದ ಸುಮಾರು ಎರಡೂವರೆ ಸೆಂ.ಮೀ. ಮೇಲೆ, ಹಿಂದೆ ತಲೆ ಹೆಚ್ಚು ಉಬ್ಬಿರುವ ಜಾಗದ ಮೇಲೆ ಸುತ್ತಿ. ಹೆಲ್ಮೆಟ್ ಹಾಕಿ ಸ್ಟ್ರಾಪ್ ಬಿಗಿದು, ಫ್ಲಿಪ್ ಆದರೆ ಮುಚ್ಚಿಯೇ, ಇಪ್ಪತ್ತು ನಿಮಿಷ ಹಾಗೇ ಇರಿ. ತೆರೆದಿಟ್ಟುಕೊಂಡು ನೋಡಿದರೆ ಎಲ್ಲ ಫ್ಲಿಪ್ಪೂ ಆರಾಮವೇ. ಗಲ್ಲ ತಾಗುತ್ತದೆಯೇ, ಮುಚ್ಚುವಾಗ ಗಂಟಲ ಚರ್ಮ ಅಥವಾ ಗಡ್ಡ ಸಿಕ್ಕಿಕೊಳ್ಳುತ್ತದೆಯೇ ಎಂಬುದು ಮುಚ್ಚಿದಾಗಲೇ ತಿಳಿಯುವುದು. ಹಣೆಯ ಮೇಲೆ ಒಂದೇ ಚುಕ್ಕೆಯಲ್ಲಿ ಒತ್ತಿದರೆ ಆ ಆಕಾರ ನಿಮ್ಮ ತಲೆಗಲ್ಲ, ದೊಡ್ಡ ಸೈಜ್ ಕೇಳಬೇಡಿ, ಬೇರೆ ಮಾಡೆಲ್ ಕೇಳಿ. ಕೊನೆಗೆ ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಉರುಳಿಸಲು ನೋಡಿ. ಸ್ಟ್ರಾಪ್ ಬಿಗಿದಿದ್ದೂ ಹೆಲ್ಮೆಟ್ ಕಳಚಿ ಬಂದರೆ ಎಷ್ಟೇ ಒಳ್ಳೆಯ ಬ್ರ್ಯಾಂಡ್ ಆದರೂ ಬೇಡ.

ಫ್ಲಿಪ್ ಮುಚ್ಚುವುದಕ್ಕೆ ಒಂದು ಅಭ್ಯಾಸ ಬೇಕು. ಎರಡೂ ಕೈಯಿಂದ ಬಾರ್ ಇಳಿಸಿ, ಎಡ ಬಲ ಎರಡೂ ಬದಿಯ ಟಕ್ ಸದ್ದು ಕೇಳಿಸಿಕೊಳ್ಳಿ, ಮತ್ತೆ ಗಲ್ಲದ ಕೆಳಗೆ ಕೈಯಿಟ್ಟು ಮೇಲಕ್ಕೆ ಎಳೆದು ನೋಡಿ. ಒಂಟಿ ಕೈಯಲ್ಲಿ ಮುಚ್ಚಿದಾಗ ಒಂದು ಬದಿ ಮಾತ್ರ ಕಚ್ಚಿ, ಇನ್ನೊಂದು ಬದಿ ಬಿಟ್ಟಿರುವುದುಂಟು. ಸ್ಟ್ರಾಪಿನ ತುದಿ ಕೊಕ್ಕೆಯೊಳಗೆ ಸಿಕ್ಕಿಕೊಂಡರೂ ಇದೇ ಗತಿ. ಕೊಕ್ಕೆಯಲ್ಲಿ ಕೂತ ಮಣ್ಣನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದು ಒಂದು ಹನಿ ಸಿಲಿಕೋನ್ ಎಣ್ಣೆ ಬಿಡಿ. ಪೆಟ್ರೋಲ್, ಥಿನ್ನರ್ ಹತ್ತಿರಕ್ಕೂ ತರಬೇಡಿ, ಪಾಲಿಕಾರ್ಬೊನೇಟ್ ಶೆಲ್ ಒಳಗೊಳಗೇ ಬಿರುಕು ಬಿಡುತ್ತದೆ. ಚಿನ್ ಬಾರ್ ಹಿಡಿದು ಹೆಲ್ಮೆಟ್ ತೂಗಾಡಿಸಿಕೊಂಡು ಹೋದರೆ ಹಿಂಜ್ ಸಡಿಲವಾಗುತ್ತದೆ.

ಓಡಿಸುತ್ತಲೇ ಮಾತಾಡಲು ಹೆಲ್ಮೆಟ್ಟಿಗೆ ಇಂಟರ್‌ಕಾಮ್ ಹಾಕಿಸುವವರು ಫುಲ್‌ಫೇಸ್‌ಗೆ ಚಿನ್ ಬಾರ್ ಒಳಗೆ ಅಂಟಿಸುವ ತಂತಿ ಮೈಕ್, ಫ್ಲಿಪ್‌ಗೆ ಕೆನ್ನೆಯ ಬದಿಯಿಂದ ಚಾಚುವ ಬೂಮ್ ಮೈಕ್ ಕೇಳಿ ತೆಗೆದುಕೊಳ್ಳಿ. ತಂತಿ ಮೈಕನ್ನು ಫ್ಲಿಪ್‌ಗೆ ಹಾಕಿದರೆ ಬಾರ್ ಎತ್ತಿ ಇಳಿಸುವಾಗ ತಂತಿ ಜಗ್ಗಿ ಕಡಿದುಹೋಗುತ್ತದೆ, ಇಲ್ಲವೇ ಲಾಕ್ ನಡುವೆ ಸಿಕ್ಕಿ ಅದನ್ನು ಪೂರ್ತಿ ಕಚ್ಚಲು ಬಿಡುವುದಿಲ್ಲ.